ಹೊಸ ಮನೆಗೆ ಎಷ್ಟು ಕಿಲೋವ್ಯಾಟ್ ಕೇಳಬೇಕು?

ಪ್ರಶ್ನೆ: ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಮುಂದಿನ ತಿಂಗಳು ಗಿಲಾವು. ಅಷ್ಟರೊಳಗೆ ವೈರಿಂಗ್ ಪೈಪು ಹಾಕಿ ಮುಗಿಸಬೇಕು. ಮನೆಯಲ್ಲಿ ನಾಲ್ಕು ಜನ. ಒಂದೂವರೆ ಟನ್ನಿನ ಎರಡು ಎಸಿ, ಎರಡು ಗೀಸರ್, ಇಂಡಕ್ಷನ್ ಒಲೆ, ಮೈಕ್ರೋವೇವ್, ಮಿಕ್ಸರ್, ಫ್ರಿಜ್, ನೀರು ಕಾಯಿಸಿಕೊಳ್ಳುವ ವಾಷಿಂಗ್ ಮಷೀನ್, ಇಸ್ತ್ರಿಪೆಟ್ಟಿಗೆ, ಒಂದು ಎಚ್‌ಪಿ ಪಂಪು, ಟೀವಿ, ಕಂಪ್ಯೂಟರ್, ದೀಪ, ಫ್ಯಾನು ಇರುತ್ತವೆ. ಮೂರ್ನಾಲ್ಕು ವರ್ಷದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆಯಿದೆ. ಎಲೆಕ್ಟ್ರಿಷಿಯನ್ ಎಲ್ಲವನ್ನೂ ಕೂಡಿಸಿ 18 ಕಿಲೋವ್ಯಾಟ್, ತ್ರೀ ಫೇಸ್ ಬೇಕೇ ಬೇಕು ಅನ್ನುತ್ತಾರೆ. ನಮ್ಮ ಭಾವ, ‘ನಮ್ಮನೆಯಲ್ಲೂ ಇದೇ ಸಾಮಾನು, 5 ಕಿಲೋವ್ಯಾಟ್ ಸಿಂಗಲ್ ಫೇಸಿನಲ್ಲಿ ಹತ್ತು ವರ್ಷದಿಂದ ನಡೀತಿದೆ. ಜಾಸ್ತಿ ತಗೊಂಡರೆ ಮೀಟರು ಜೋರಾಗಿ ಓಡುತ್ತೆ’ ಅನ್ನುತ್ತಾರೆ. ಕಡಿಮೆ ತಗೊಂಡರೆ ವೈರು ಸುಟ್ಟೀತೆಂಬ ಭಯ, ಹೆಚ್ಚು ತಗೊಂಡರೆ ತಿಂಗಳು ತಿಂಗಳು ದುಡ್ಡು ಸೋರೀತೆಂಬ ಚಿಂತೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಎಲೆಕ್ಟ್ರಿಷಿಯನ್ ಹೇಳುತ್ತಿರುವುದು ಮನೆಯಲ್ಲಿರುವ ಎಲ್ಲ ಸಾಮಾನಿನ ಒಟ್ಟು ಲೋಡ್. ನಿಮ್ಮ ಭಾವ ಹೇಳುತ್ತಿರುವುದು ಅವರ ಮನೆಯಲ್ಲಿ ಏಕಕಾಲಕ್ಕೆ ಓಡುವ ಲೋಡ್. ಇವೆರಡೂ ಬೇರೆ ಬೇರೆ ಅಂಕಿಗಳು. ನೀವು ಈ ತಿಂಗಳು ತೀರ್ಮಾನಿಸಬೇಕಾದ ವಿಷಯವೂ ಒಂದಲ್ಲ, ಎರಡು. ಪೂರೈಕೆ ಕಂಪನಿಗೆ ಕೊಡುವ ಅರ್ಜಿಯಲ್ಲಿ ಎಷ್ಟು ಕಿಲೋವ್ಯಾಟ್ ಬರೆಯಬೇಕು ಅನ್ನುವುದು ಒಂದು. ಗೋಡೆಯೊಳಗೆ ಎಷ್ಟು ದಪ್ಪದ ವೈರು ಹೋಗಬೇಕು ಅನ್ನುವುದು ಇನ್ನೊಂದು. ಮೊದಲನೆಯದನ್ನು ಮುಂದೆ ಇನ್ನೊಂದು ಅರ್ಜಿ ಕೊಟ್ಟು ಬದಲಿಸಬಹುದು. ಎರಡನೆಯದನ್ನು ಬದಲಿಸಲು ಗೋಡೆ ಒಡೆಯಬೇಕು. ಹಾಗಾಗಿ ಅರ್ಜಿಯ ಅಂಕಿಯನ್ನು ಇವತ್ತಿನ ಬಳಕೆ ನೋಡಿ ಬರೆಯಿರಿ, ವೈರನ್ನು ಇಪ್ಪತ್ತು ವರ್ಷ ಮುಂದೆ ನೋಡಿ ಆರಿಸಿ. ನನ್ನ ಸಲಹೆಯ ಸಾರ ಇಷ್ಟೇ. ಯಾಕೆ ಅನ್ನುವುದಕ್ಕೆ ಲೆಕ್ಕ ಕೊಡುತ್ತೇನೆ. ಎಲ್ಲವೂ 230 ವೋಲ್ಟ್ ಸರಬರಾಜಿನ ಲೆಕ್ಕ.

ಮೊದಲು ಎಲೆಕ್ಟ್ರಿಷಿಯನ್ ಕೂಡಿಸಿದ್ದನ್ನು ನಾವೂ ಕೂಡಿಸೋಣ. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು 1.6 ಕಿಲೋವ್ಯಾಟ್ ಎಳೆಯುತ್ತದೆ, ಎರಡಕ್ಕೆ 3.2. ಗೀಸರ್ ತಲಾ 2, ಒಟ್ಟು 4. ಇಂಡಕ್ಷನ್ 2. ನೀರು ಕಾಯಿಸುವಾಗ ವಾಷಿಂಗ್ ಮಷೀನ್ 2. ಮೈಕ್ರೋವೇವ್ 1.3, ಪಂಪು 1.1, ಇಸ್ತ್ರಿಪೆಟ್ಟಿಗೆ 1, ಮಿಕ್ಸರ್ 0.7, ದೀಪ ಮತ್ತು ಫ್ಯಾನು ಎಲ್ಲ ಸೇರಿ 0.7, ಟೀವಿ ಮತ್ತು ಕಂಪ್ಯೂಟರ್ 0.3, ಫ್ರಿಜ್ 0.2. ಕೂಡಿಸಿದರೆ 16.5 ಕಿಲೋವ್ಯಾಟ್. ಸ್ವಲ್ಪ ಮೇಲಿಟ್ಟು ಅವರು 18 ಅಂದಿದ್ದಾರೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ.

ಇಲ್ಲಿ ಎಸಿಯ ಬಗ್ಗೆ ಒಂದು ಮಾತು, ಏಕೆಂದರೆ ಈ ತಪ್ಪನ್ನು ಅನುಭವಿಗಳೂ ಮಾಡುವುದನ್ನು ಕಂಡಿದ್ದೇನೆ. ಟನ್ ಎನ್ನುವುದು ಕೋಣೆಯಿಂದ ಎಷ್ಟು ಶಾಖವನ್ನು ಹೊರಹಾಕುತ್ತದೆ ಅನ್ನುವ ಅಳತೆ. ಒಂದು ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ. ಒಂದೂವರೆ ಟನ್ನಿನ ಯಂತ್ರದ ಮೇಲೆ 5.2 ಕಿಲೋವ್ಯಾಟ್ ಎಂದು ಬರೆದಿದ್ದರೆ ಅದು ಶಾಖದ ಲೆಕ್ಕ, ವಿದ್ಯುತ್ತಿನದಲ್ಲ. ವಿದ್ಯುತ್ತು ಅದರ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ಲೇಬಲ್ಲಿನಲ್ಲಿ ‘ಇನ್‌ಪುಟ್’ ಎಂದಿರುವ ಅಂಕಿಯನ್ನೇ ನೋಡಬೇಕು. ಇನ್ವರ್ಟರ್ ಎಸಿಯಾದರೆ ಕೋಣೆ ತಣ್ಣಗಾದ ಮೇಲೆ ಅದಕ್ಕಿಂತಲೂ ಬಹಳ ಕಡಿಮೆ ಎಳೆಯುತ್ತದೆ.

ಈಗ ಭಾವನವರ ಲೆಕ್ಕ. ಹದಿನಾರೂವರೆ ಕಿಲೋವ್ಯಾಟೂ ಒಂದೇ ಹೊತ್ತಿಗೆ ಓಡುವುದು ಯಾವಾಗ? ಯಾವತ್ತೂ ಇಲ್ಲ. ಎಲ್ಲರಿಗೂ ಅವಸರವಿರುವ ಬೆಳಗಿನ ಹೊತ್ತನ್ನು ನೆನೆಯಿರಿ: ಎರಡೂ ಗೀಸರ್ 4, ಇಂಡಕ್ಷನ್ 2, ಮಿಕ್ಸರ್ 0.7, ಪಂಪು 1.1, ಫ್ರಿಜ್ 0.2, ದೀಪ, ಫ್ಯಾನು 0.5. ಮೊತ್ತ 8.5 ಕಿಲೋವ್ಯಾಟ್, ಅಂದರೆ 37 ಆಂಪಿಯರ್ (ವೈರಿನಲ್ಲಿ ಹರಿಯುವ ಕರೆಂಟಿನ ಅಳತೆ; ವ್ಯಾಟನ್ನು 230ರಿಂದ ಭಾಗಿಸಿದರೆ ಸಿಗುತ್ತದೆ). ನಿಮ್ಮ ಮನೆಯ ಅತಿ ಭಾರದ ಗಳಿಗೆ ಇದು. ಒಂದು ಗೀಸರ್ ಆರಿದ ಮೇಲೆ ಇನ್ನೊಂದು ಹಾಕಿ, ಪಂಪನ್ನು ಮಧ್ಯಾಹ್ನಕ್ಕೆ ತಳ್ಳಿದರೆ ಅದೇ ಬೆಳಗ್ಗೆ 5.4ಕ್ಕೆ ಇಳಿಯುತ್ತದೆ, ಮಿಕ್ಸರ್ ನಿಂತ ಮೇಲೆ 4.7ಕ್ಕೆ. ನಿಮ್ಮ ಭಾವನ ಮನೆಯಲ್ಲಿ ನಡೆಯುತ್ತಿರುವುದು ಬಹುಶಃ ಇದೇ. ಹತ್ತು ವರ್ಷದಲ್ಲಿ ಮನೆಮಂದಿಗೆ ಯಾವುದರ ಜೊತೆ ಯಾವುದನ್ನು ಹಾಕಬಾರದು ಅನ್ನುವುದು ರೂಢಿಯಾಗಿರುತ್ತದೆ. ಕೇಳಿದರೆ ‘ನಮಗೇನೂ ತೊಂದರೆಯಿಲ್ಲ’ ಅನ್ನುತ್ತಾರೆ, ಅದು ನಿಜವೂ ಹೌದು.

ರಾತ್ರಿಯ ಲೆಕ್ಕ ಹಗುರ. ಎರಡು ಎಸಿ 3.2, ಉಳಿದ ಚಿಲ್ಲರೆ 0.7, ಒಟ್ಟು 3.9. ಇದರ ಮೇಲೆ ಕಾರನ್ನು ಸಾಧಾರಣ 16 ಆಂಪಿಯರ್ ಸಾಕೆಟ್ಟಿನಿಂದ, ಸುಮಾರು 3.5 ಕಿಲೋವ್ಯಾಟಿನಲ್ಲಿ ಚಾರ್ಜ್‌ಗೆ ಹಾಕಿದರೂ 7.4 ಆಗುತ್ತದೆ. ಬೆಳಗಿನ 8.5ಕ್ಕಿಂತ ಕಡಿಮೆಯೇ ಬಂತು, ನೋಡಿ. ಕಾರು ಬರುತ್ತದೆಂದು ಲೋಡನ್ನು ಎರಡು ಪಟ್ಟು ಕೇಳುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಒಂಬತ್ತು ಗಂಟೆ ಹೀಗೆ ಚಾರ್ಜ್ ಮಾಡಿದರೆ ಸುಮಾರು 30 ಯೂನಿಟ್ ಒಳಗೆ ಹೋಗುತ್ತದೆ. ಸಣ್ಣ ಕಾರಿಗೆ 150 ಕಿ.ಮೀ. ಓಡಾಟಕ್ಕೆ ಅದು ಸಾಲುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಓಡಿಸುವವರಿಗೆ ಮಾತ್ರ 7.4 ಕಿಲೋವ್ಯಾಟಿನ ವೇಗದ ಚಾರ್ಜರ್ ಬೇಕು. ಅದನ್ನು ಹಾಕಿದರೆ ರಾತ್ರಿಯ ಲೆಕ್ಕ 11.3ಕ್ಕೆ ಏರುತ್ತದೆ.

ಹಾಗಾಗಿ ಅರ್ಜಿಯಲ್ಲಿ ನನ್ನ ಸಲಹೆ 9 ಕಿಲೋವ್ಯಾಟ್. ಐದು ಸಾಲದು ಅಂತಲ್ಲ. ಆದರೆ ಹೊಸ ಮನೆಗೆ ಹೋದ ಮೊದಲ ದಿನದಿಂದಲೇ ಗೀಸರ್ ಸ್ವಿಚ್ಚಿಗೆ ಕಾವಲು ಕೂರುವುದನ್ನು ನಾನು ಯಾರಿಗೂ ಹೇಳಲಾರೆ. ಹದಿನೆಂಟು ಅಪಾಯಕಾರಿಯೂ ಅಲ್ಲ, ಬಳಸದ ಸಾಮರ್ಥ್ಯಕ್ಕೆ ಬಾಡಿಗೆ ಕಟ್ಟಿದಂತೆ ಅಷ್ಟೇ.

ಮೀಟರು ಜೋರಾಗಿ ಓಡುತ್ತದೆಯೇ? ಇಲ್ಲ. ಕಿಲೋವ್ಯಾಟ್ ಅನ್ನುವುದು ಕೊಳವೆಯ ದಪ್ಪದಂತೆ. ಯೂನಿಟ್, ಅಂದರೆ ಕಿಲೋವ್ಯಾಟ್ ಗಂಟೆ, ನೀವು ಹಿಡಿದ ನೀರು. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ಮಂಜೂರಾದ ಲೋಡ್ ಐದಿರಲಿ ಹದಿನೆಂಟಿರಲಿ. ಹೆಚ್ಚುವುದು ನಿಗದಿತ ಶುಲ್ಕ ಮಾತ್ರ. ಹಲವು ಕಡೆ ಅದು ಮಂಜೂರಾದ ಪ್ರತಿ ಕಿಲೋವ್ಯಾಟಿಗೂ ತಿಂಗಳು ತಿಂಗಳು ಬೀಳುತ್ತದೆ, ಮನೆಗೆ ಬೀಗ ಹಾಕಿ ಹೋದರೂ ಬೀಳುತ್ತದೆ. ನಿಮ್ಮ ಭಾವ ಮೀಟರನ್ನು ದೂರುತ್ತಿರುವುದು ಪ್ರಾಯಶಃ ಈ ಶುಲ್ಕವನ್ನು ಕಂಡೇ. ಇದೇ ಜಾತಿಯ ಇನ್ನೆರಡು ಮಾತುಗಳನ್ನೂ ಕೇಳುತ್ತಿರುತ್ತೇನೆ. ಹೆಚ್ಚು ಲೋಡ್ ತಗೊಂಡರೆ ವೋಲ್ಟೇಜ್ ಚೆನ್ನಾಗಿ ಬರುತ್ತದೆ ಅನ್ನುವುದು ಒಂದು. ವೋಲ್ಟೇಜು ಟ್ರಾನ್ಸ್‌ಫಾರ್ಮರ್ ಎಷ್ಟು ದೂರವಿದೆ, ಅದರ ಮೇಲೆ ಎಷ್ಟು ಭಾರವಿದೆ, ನಡುವಿನ ತಂತಿ ಎಷ್ಟು ದಪ್ಪ ಅನ್ನುವುದನ್ನು ಅವಲಂಬಿಸಿದೆ, ನಿಮ್ಮ ಅರ್ಜಿಯನ್ನಲ್ಲ. ತ್ರೀ ಫೇಸ್ ಇದ್ದರೆ ಬಿಲ್ಲು ಕಡಿಮೆ ಬರುತ್ತದೆ ಅನ್ನುವುದು ಇನ್ನೊಂದು. ಗೀಸರ್ ಯಾವ ಫೇಸಿನಲ್ಲಿದ್ದರೂ ಅದೇ ಯೂನಿಟ್.

ವೈರು ಸುಡುವ ಭಯಕ್ಕೆ ಬರೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದು. ಲೋಡ್ ಕಡಿಮೆ ತಗೊಂಡದ್ದರಿಂದ ವೈರು ಸುಡುವುದಿಲ್ಲ. ಮಂಜೂರಾದದ್ದನ್ನು ಮೀರಿದರೆ ಮೀಟರು ಅದನ್ನು ದಾಖಲಿಸಿ ದಂಡ ಬೀಳಬಹುದು, ಅಥವಾ ಮೇನ್ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು, ಬೀಳಬಹುದು. ಎರಡೂ ಕಿರಿಕಿರಿ, ಬೆಂಕಿಯಲ್ಲ. ಬೆಂಕಿ ಹುಟ್ಟುವುದು ವೈರಿನ ದಪ್ಪಕ್ಕೂ ಎಂಸಿಬಿಯ ಅಂಕಿಗೂ ತಾಳೆ ತಪ್ಪಿದಾಗ, ಇಲ್ಲವೇ ಜಾಯಿಂಟು ಸಡಿಲವಾದಾಗ.

ಎಂಸಿಬಿ ಇರುವುದು ವೈರನ್ನು ಕಾಯಲು. ಅದು ಹೇಗೆ ಕಾಯುತ್ತದೆಂದು ತಿಳಿದರೆ ಅದರ ಅಂಕಿಯನ್ನು ಮನಬಂದಂತೆ ಬದಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. 32 ಆಂಪಿಯರ್ ಎಂಸಿಬಿ 33 ಆದ ಕ್ಷಣ ಬೀಳುವುದಿಲ್ಲ. ಅದರ ಮಾನದಂಡದಂತೆ 1.13 ಪಟ್ಟು, ಅಂದರೆ 36 ಆಂಪಿಯರ್ ಹರಿದರೆ ಒಂದು ಗಂಟೆ ಬೀಳಕೂಡದು, 1.45 ಪಟ್ಟು, ಅಂದರೆ 46 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಇನ್ನು ವೈರು. ಗೋಡೆಯ ಪೈಪಿನಲ್ಲಿ ಹೋಗುವ ತಾಮ್ರದ ಪಿವಿಸಿ ವೈರು ಸಿಂಗಲ್ ಫೇಸಿನಲ್ಲಿ, ಸುತ್ತಲಿನ ಉಷ್ಣತೆ 30 ಡಿಗ್ರಿ ಇದ್ದಾಗ, ಸ್ಥೂಲವಾಗಿ ಇಷ್ಟು ಹೊರುತ್ತದೆ (ವೈರಿನ ವಿಷಯದಲ್ಲಿ ಎಂಎಂ ಅಂದರೆ ತಾಮ್ರದ ಅಡ್ಡಕೊಯ್ತದ ಚದರ ಮಿಲಿಮೀಟರ್): ಎರಡೂವರೆ ಎಂಎಂ 24 ಆಂಪಿಯರ್, ನಾಲ್ಕು ಎಂಎಂ 32, ಆರು ಎಂಎಂ 41, ಹತ್ತು ಎಂಎಂ 57. ಉಷ್ಣತೆ 40 ಡಿಗ್ರಿಗೆ ಏರಿದರೆ ಇದರಲ್ಲಿ ಶೇ. 13 ಕಳೆಯಬೇಕು. ಒಂದೇ ಪೈಪಿನಲ್ಲಿ ಮೂರು ಸರ್ಕ್ಯೂಟ್ ತುರುಕಿದರೆ ಶೇ. 30 ಕಳೆಯಬೇಕು. ಬಿಸಿಲಿಗೆ ಕಾದ ಗೋಡೆಯಲ್ಲಿ ತುಂಬಿದ ಪೈಪಿನೊಳಗಿನ ವೈರು ಪೆಟ್ಟಿಗೆಯ ಮೇಲೆ ಬರೆದಷ್ಟು ಹೊರುವುದಿಲ್ಲ. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನೂ ಇದರ ಜೊತೆ ಇಟ್ಟುಕೊಳ್ಳಿ.

ಕೆಲವು ವರ್ಷದ ಹಿಂದೆ ನಾನು ನೋಡಿದ ಒಂದು ಮನೆ ಈಗಲೂ ಕಣ್ಣ ಮುಂದಿದೆ. ಮೀಟರಿನಿಂದ ಒಳಕ್ಕೆ ಆರು ಎಂಎಂ ವೈರು, 32 ಆಂಪಿಯರ್ ಎಂಸಿಬಿ. ಎಸಿ, ಗೀಸರ್ ಒಂದೊಂದೇ ಸೇರಿದಂತೆ ಬೇಸಿಗೆಯಲ್ಲಿ ಎಂಸಿಬಿ ಬೀಳಲು ಶುರುವಾಯಿತು. ಬಂದವರೊಬ್ಬರು ‘ಇದು ವೀಕ್ ಆಗಿದೆ’ ಎಂದು 63 ಆಂಪಿಯರಿನದ್ದನ್ನು ಹಾಕಿಹೋದರು. ಅಂದಿನಿಂದ ಅದು ಒಮ್ಮೆಯೂ ಬೀಳಲಿಲ್ಲ, ಮನೆಯವರಿಗೆ ನೆಮ್ಮದಿ. 71 ಆಂಪಿಯರಿನವರೆಗೂ ಅದು ಒಂದು ಗಂಟೆ ಸುಮ್ಮನಿರುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಬೀರುವಿನ ಹಿಂದೆ ವಾಸನೆ ಬರುತ್ತಿದೆ ಎಂದು ಕರೆದರು. ವೈರಿನ ಹೊದಿಕೆ ಕಂದಾಗಿ, ಮುಟ್ಟಿದರೆ ಹುರಿದ ಸಿಪ್ಪೆಯಂತೆ ಪುಡಿಯಾಗುತ್ತಿತ್ತು. ಅದರ ಮುಂದೆಯೇ ಮಕ್ಕಳ ಹಾಸಿಗೆಯಿತ್ತು. ಎಂಸಿಬಿ ಬಿದ್ದರೆ ದಯವಿಟ್ಟು ಅದನ್ನು ಬೈಯಬೇಡಿ. ವೈರು ಬದಲಿಸದೆ ಅದರ ಅಂಕಿಯನ್ನು ಏರಿಸಲು ಯಾರಿಗೂ ಬಿಡಬೇಡಿ.

ಈಗ ತ್ರೀ ಫೇಸ್, ಅಂದರೆ ಒಂದರ ಬದಲು ಮೂರು ಫೇಸ್ ತಂತಿಗಳಲ್ಲಿ ಬರುವ ಸರಬರಾಜು. ಇದರಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹೇಳುವವರು ಕಡಿಮೆ. ಸಿಂಗಲ್ ಫೇಸಿನಲ್ಲಿ 40 ಆಂಪಿಯರ್ ಅಂದರೆ 9.2 ಕಿಲೋವ್ಯಾಟ್, ಅದನ್ನು ಯಾವ ಸಾಮಾನಿಗೆ ಬೇಕಾದರೂ ಹಂಚಿಕೊಳ್ಳಬಹುದು. ತ್ರೀ ಫೇಸಿನಲ್ಲಿ ಅದೇ ಒಂಬತ್ತು ಮೂರು ಪಾಲಾಗುತ್ತದೆ. ಕಂಪನಿ ಒಂದೊಂದು ಫೇಸಿಗೆ 16 ಆಂಪಿಯರ್ ಮಾತ್ರ ಬಿಟ್ಟರೆ ಪ್ರತಿ ಪಾಲಿಗೆ ಸಿಗುವುದು 3.7 ಕಿಲೋವ್ಯಾಟ್. ಒಂದು ಗೀಸರ್ ಮತ್ತು ಇಂಡಕ್ಷನ್ ಒಂದೇ ಫೇಸಿನಲ್ಲಿ ಸೇರಿಕೊಂಡರೆ ಅಲ್ಲೇ 4 ಆಯಿತು. ಉಳಿದೆರಡು ಫೇಸು ಖಾಲಿ ಬಿದ್ದಿದ್ದರೂ ಈ ಫೇಸಿನ ಎಂಸಿಬಿ ಬಿಸಿಯಾಗಿ ಕೊನೆಗೆ ಬೀಳಬಹುದು. ‘ತ್ರೀ ಫೇಸ್ ತಗೊಂಡ ಮೇಲೇ ಟ್ರಿಪ್ ಜಾಸ್ತಿಯಾಯ್ತು’ ಎಂದು ದೂರುವವರ ಮನೆಯಲ್ಲಿ ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆ, ತೆರೆದು ನೋಡಿದರೆ ಸಾಮಾನ್ಯವಾಗಿ ಸಿಗುವ ಕಾರಣ ಇದು. ಕಂಪನಿಯವರನ್ನು ಬರಿಯ ಕಿಲೋವ್ಯಾಟ್ ಕೇಳಬೇಡಿ. ಒಂದೊಂದು ಫೇಸಿಗೆ ಎಷ್ಟು ಆಂಪಿಯರ್ ಬಿಡುತ್ತೀರಿ ಎಂದೂ ಕೇಳಿ. 25 ಸಿಕ್ಕರೆ ಪ್ರತಿ ಫೇಸಿಗೆ 5.75 ಕಿಲೋವ್ಯಾಟ್, ಆಗ ನೀವು ನಿಶ್ಚಿಂತರು.

ಹಂಚುವಾಗ ಎಲೆಕ್ಟ್ರಿಷಿಯನ್‌ಗಳು ಮೇಲಿನ ಮಹಡಿ ಒಂದು ಫೇಸ್, ಕೆಳಗಿನದು ಒಂದು, ಅಡುಗೆಮನೆ ಒಂದು ಎಂದು ಮಾಡಿಬಿಡುತ್ತಾರೆ. ಅದಕ್ಕಿಂತ ಹೊತ್ತು ನೋಡಿ ಜೋಡಿಸುವುದು ಒಳ್ಳೆಯದು. ಗೀಸರ್ ಬೆಳಗಿನದು, ಎಸಿ ರಾತ್ರಿಯದು; ಆದ್ದರಿಂದ ಒಂದು ಗೀಸರ್ ಮತ್ತು ಒಂದು ಎಸಿಯನ್ನು ಒಂದೇ ಫೇಸಿಗೆ ಕೊಡಿ, ಎರಡನೇ ಜೋಡಿಯನ್ನು ಪಂಪು, ವಾಷಿಂಗ್ ಮಷೀನ್ ಸಮೇತ ಇನ್ನೊಂದಕ್ಕೆ. ಅಡುಗೆಮನೆಯನ್ನೂ ಮುಂದೆ ಬರುವ ಕಾರಿನ ಸಾಕೆಟ್ಟನ್ನೂ ಮೂರನೆಯದಕ್ಕೆ ಹಾಕಿ, ಒಂದು ದಣಿದಾಗ ಇನ್ನೊಂದು ಏಳುತ್ತದೆ. ದೀಪಗಳನ್ನು ಮಾತ್ರ ಪ್ರತಿ ಮಹಡಿಯಲ್ಲೂ ಎರಡು ಫೇಸಿಗೆ ಹಂಚಿಬಿಡಿ. ಒಂದು ಹೋದರೆ ಮಹಡಿ ಪೂರ್ತಿ ಕತ್ತಲಾಗಬಾರದು, ಮೆಟ್ಟಿಲ ಬಳಿ ಮುಖ್ಯವಾಗಿ.

ತ್ರೀ ಫೇಸಿನ ನಿಜವಾದ ಅಪಾಯ ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ತಂತಿ. ಸಿಂಗಲ್ ಫೇಸ್ ಮನೆಗೆ ಬರುವ ನ್ಯೂಟ್ರಲ್ ಕಡಿದರೆ ದೀಪ ಆರುತ್ತದೆ. ತ್ರೀ ಫೇಸ್ ಮನೆಯಲ್ಲಿ ಕಡಿದರೆ ದೀಪ ಆರುವುದಿಲ್ಲ. ಒಂದು ಫೇಸಿನ ಸಾಮಾನು ಇನ್ನೊಂದು ಫೇಸಿನ ಸಾಮಾನಿನ ಮೂಲಕ 400 ವೋಲ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಭಾರ ಕಡಿಮೆಯಿರುವ ಫೇಸಿನಲ್ಲಿ ವೋಲ್ಟೇಜ್ 300 ದಾಟಿ ಏರುತ್ತದೆ, ಟೀವಿ, ಫ್ರಿಜ್, ಚಾರ್ಜರು ನಿಮಿಷಗಳಲ್ಲಿ ಸುಟ್ಟುಹೋಗುತ್ತವೆ. ಹಾಗಾಗಿ ತ್ರೀ ಫೇಸ್ ತಗೊಳ್ಳುವುದಾದರೆ ವೋಲ್ಟೇಜ್ ಏರಿಳಿದರೆ ತಾನೇ ಕಡಿದುಹಾಕುವ ಪ್ರೊಟೆಕ್ಟರನ್ನು ಮೇನಿನಲ್ಲಿ ಹಾಕಿಸಲೇಬೇಕು. ನ್ಯೂಟ್ರಲ್ ವೈರು ಫೇಸಿನಷ್ಟೇ ದಪ್ಪವಿರಲಿ, ಅದರ ಸ್ಕ್ರೂಗಳನ್ನು ಡಿಬಿ ಮುಚ್ಚುವ ಮುನ್ನ ನಿಮ್ಮೆದುರೇ ಬಿಗಿ ಮಾಡಿಸಿ.

ಹಾಗಾದರೆ ನಿಮಗೆ ಯಾವುದು? ಸಿಂಗಲ್ ಫೇಸಿಗೆ ಪ್ರತಿ ಕಂಪನಿಯೂ ತನ್ನದೇ ಮಿತಿ ಇಟ್ಟಿರುತ್ತದೆ. ಅದು 9 ಕಿಲೋವ್ಯಾಟಿಗಿಂತ ಕಡಿಮೆಯಿದ್ದರೆ ಪ್ರಶ್ನೆಯೇ ಇಲ್ಲ, ತ್ರೀ ಫೇಸ್. ಮಿತಿ ಅದಕ್ಕಿಂತ ಹೆಚ್ಚಿದ್ದರೆ ಈಗ ಸಿಂಗಲ್ ಫೇಸೇ ಸರಳ. ನಾನಾಗಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ. ವೇಗದ ಚಾರ್ಜರಿನ ಆಸೆ ಗಟ್ಟಿಯಾಗಿದ್ದರೆ ಮಾತ್ರ ಮೊದಲೇ ತ್ರೀ ಫೇಸ್ ಯೋಚಿಸಿ. ಅಲ್ಲೂ ಒಂದು ಎಚ್ಚರಿಕೆ: ಕಾರಿನೊಳಗಿನ ಚಾರ್ಜರ್ ಒಂದೇ ಫೇಸಿನದ್ದಾಗಿದ್ದರೆ 7.4 ಕಿಲೋವ್ಯಾಟಿಗೆ ಆ ಒಂದೇ ಫೇಸಿನಿಂದ 32 ಆಂಪಿಯರ್ ಎಳೆಯುತ್ತದೆ, 25ರ ಮಿತಿಯಲ್ಲಿ ಅದು ನಡೆಯುವುದಿಲ್ಲ. ಕಾರು ಆರಿಸಿದ ಮೇಲೆ ಚಾರ್ಜರ್ ಆರಿಸಿ.

ಗೋಡೆಯೊಳಗಿನದ್ದಕ್ಕೆ ಮಾತ್ರ ಈಗ ಜಿಪುಣತನ ಬೇಡ. ಮೀಟರಿನಿಂದ ಡಿಬಿಗೆ ಹತ್ತು ಎಂಎಂ ತಾಮ್ರದ ನಾಲ್ಕು ಎಳೆ, ಜೊತೆಗೆ ಅರ್ಥ್ ವೈರು ಎಳೆಸಿ. ಇವತ್ತು ಎರಡೇ ಎಳೆ ಬಳಸಿ ಸಿಂಗಲ್ ಫೇಸಿನಲ್ಲಿ 40 ಆಂಪಿಯರ್ ತಗೊಳ್ಳಬಹುದು, ನಾಳೆ ನಾಲ್ಕನ್ನೂ ಬಳಸಿ ತ್ರೀ ಫೇಸ್ ಮಾಡಿಕೊಳ್ಳಬಹುದು, ಗೋಡೆ ಮುಟ್ಟಬೇಕಿಲ್ಲ. ಮೀಟರು ಮನೆಯಿಂದ ದೂರವಿದ್ದರೆ ಈ ದಪ್ಪದ ಬೆಲೆ ಇನ್ನೂ ತಿಳಿಯುತ್ತದೆ: 40 ಮೀಟರ್ ದೂರಕ್ಕೆ 40 ಆಂಪಿಯರ್ ಹೋಗುವಾಗ ಆರು ಎಂಎಂನಲ್ಲಿ ಸುಮಾರು 12 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಹತ್ತು ಎಂಎಂನಲ್ಲಿ 7. ಗೀಸರ್, ಎಸಿ, ಇಂಡಕ್ಷನ್ ಒಂದೊಂದಕ್ಕೂ ಡಿಬಿಯಿಂದಲೇ ಬೇರೆ ಬೇರೆ ನಾಲ್ಕು ಎಂಎಂ ಲೈನು, ಅವಕ್ಕೆ 16 ಅಥವಾ 20 ಆಂಪಿಯರ್ ಎಂಸಿಬಿ. ಸಾಕೆಟ್ಟುಗಳಿಗೆ ಎರಡೂವರೆ, ದೀಪಕ್ಕೆ ಒಂದೂವರೆ. ಪಂಪು ಹೊರಡುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ಅದಕ್ಕೆ ‘ಸಿ’ ಮಾದರಿಯ ಎಂಸಿಬಿ ಬೇಕು. ‘ಬಿ’ ಹಾಕಿದರೆ ಕಾರಣವಿಲ್ಲದೆ ಬೀಳುತ್ತಿರುತ್ತದೆ. ಕಾರು ನಿಲ್ಲಿಸುವ ಜಾಗಕ್ಕೆ ಡಿಬಿಯಿಂದ ಒಂದು ಅಗಲ ಪೈಪನ್ನು ಮುಂದೆ ವೈರು ಎಳೆಯುವ ದಾರದ ಸಮೇತ ಖಾಲಿ ಬಿಡಿ, ಸೌರ ಫಲಕಕ್ಕಾಗಿ ತಾರಸಿಗೂ ಒಂದು. ಡಿಬಿ ತ್ರೀ ಫೇಸಿನದ್ದೇ ಇರಲಿ, ನಾಲ್ಕಾರು ಜಾಗ ಖಾಲಿ ಉಳಿಯುವಷ್ಟು ದೊಡ್ಡದಿರಲಿ. ಗಿಲಾವಿಗೆ ಮುನ್ನ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ.

ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಡಲಾರೆ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಒದ್ದೆ ಕೈಯಲ್ಲಿ ಮುಟ್ಟಿದವರ ಮೈಯಲ್ಲಿ ಹರಿಯುವ ಕರೆಂಟು ಜೀವ ತೆಗೆಯಲು ಸಾಕಾದರೂ ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್ಚು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. ಇಡೀ ಮನೆಗೆ ಒಂದೇ ಹಾಕಿದರೆ ಗೀಸರ್ ಸೋರಿಕೆಗೆ ಫ್ರಿಜ್ಜೂ ಆರುತ್ತದೆ. ಎರಡು ಮೂರು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಹಾಕಿಸಿ. ಪ್ರತಿ ತಿಂಗಳು ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ಭಾವನವರ ಮಾತಿನಂತೆ ಮೊದಲು 5 ತಗೊಂಡು ಆಮೇಲೆ ಏರಿಸಬಹುದೇ ಅನ್ನುವುದು ನಿಮ್ಮ ಮನಸ್ಸಿನಲ್ಲಿರಬಹುದು. ಹತ್ತು ಎಂಎಂ ವೈರು ಹಾಕಿದ್ದರೆ ಖಂಡಿತ ಆಗುತ್ತದೆ. ಬೆಳಗಿನ ಹೊತ್ತು ಗೀಸರುಗಳನ್ನು ಒಂದಾದ ಮೇಲೊಂದು ಹಾಕಿಕೊಳ್ಳಬೇಕು, ಪಂಪನ್ನು ಮಧ್ಯಾಹ್ನಕ್ಕೆ ತಳ್ಳಬೇಕು, ಅಷ್ಟೇ. ಒಂಬತ್ತು ತಗೊಂಡು ಆಮೇಲೆ ಇಳಿಸುವುದೂ ಹಾಗೆಯೇ. ಡಿಜಿಟಲ್ ಮೀಟರಿನ ಗುಂಡಿ ಒತ್ತುತ್ತಾ ಹೋದರೆ ಗರಿಷ್ಠ ಬೇಡಿಕೆ ಎಂಬ ಅಂಕಿಯೊಂದು ಹಲವು ಮೀಟರುಗಳಲ್ಲಿ ಕಾಣುತ್ತದೆ. ಅದು 15 ಅಥವಾ 30 ನಿಮಿಷದ ಸರಾಸರಿಗಳಲ್ಲಿ ಅತಿ ಹೆಚ್ಚಿನದು, ಪಂಪು ಹೊರಡುವ ಕ್ಷಣದ ಜಿಗಿತ ಅದನ್ನು ಅಷ್ಟಾಗಿ ಏರಿಸುವುದಿಲ್ಲ. ಒಂದು ಬೇಸಿಗೆ ಮತ್ತು ಒಂದು ಚಳಿಗಾಲ ಕಳೆಯುವವರೆಗೆ ಪ್ರತಿ ತಿಂಗಳು ಅದನ್ನು ಬರೆದಿಟ್ಟುಕೊಳ್ಳಿ. ಎರಡೂ ಕಾಲದಲ್ಲಿ 6 ದಾಟದೇ ಹೋದರೆ ಲೋಡನ್ನು 7ಕ್ಕೆ ಇಳಿಸಲು ಅರ್ಜಿ ಕೊಡಿ. 9ರ ಹತ್ತಿರ ಬರುತ್ತಿದ್ದರೆ ಕಾರು ಕೊಳ್ಳುವ ಮುನ್ನ ಏರಿಸಿಕೊಳ್ಳಿ.